ಎನ್‌ಐಸಿಯು ಗೋಡೆಗೆ ಬೆಂಕಿ ತಡೆಯುವ ಗಾಜು: ನಾವು ಆರಿಸಿದ್ದು ಹೀಗೆ

ಒಂದೇ ಗೋಡೆಗೆ ಎರಡು ಕೊಟೇಶನ್ ಬಂದಿತ್ತು. ಮೊದಲನೆಯದರಲ್ಲಿ 'ಫೈರ್ ರೇಟೆಡ್ ಗ್ಲಾಸ್, 120 ನಿಮಿಷ' ಅಂತ ಇತ್ತು. ಎರಡನೆಯದರಲ್ಲಿ ಬರೀ 60 ನಿಮಿಷ. ಆದರೆ ರೇಟು ಮೊದಲನೆಯದರ ಹಲವು ಪಟ್ಟು. ಅರ್ಧ ಹೊತ್ತು ತಡೆಯುವ ಗಾಜಿಗೆ ಯಾಕೆ ಇಷ್ಟು ಜಾಸ್ತಿ ದುಡ್ಡು ಕೊಡಬೇಕು? ನಮ್ಮ ಅಕೌಂಟ್ಸ್‌ನವರು ಮೊದಲನೆಯದಕ್ಕೆ ಟಿಕ್ ಹಾಕಿ ನನ್ನ ಟೇಬಲ್ ಮೇಲೆ ಇಟ್ಟು ಹೋಗಿದ್ದರು. ಕಾಗದ ನೋಡಿದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು.

ನಮ್ಮದು ಮಂಗಳೂರಿನ ಬೆಂದೂರ್‌ವೆಲ್ ಹತ್ತಿರದ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ನಾನು ಅದರ ಆಡಳಿತ ನೋಡಿಕೊಳ್ಳುತ್ತೇನೆ. ಹಳೆಯ ಹಂಚಿನ ಕಟ್ಟಡದ ಹಿಂದೆ ಹೊಸ ಬ್ಲಾಕ್ ಎದ್ದು ನಿಂತಿತ್ತು. ಎತ್ತರ 15 ಮೀಟರ್ ದಾಟಿತ್ತು. ಅಷ್ಟಾದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಅದು ಬಹುಮಹಡಿ ಕಟ್ಟಡ. 2016ರ ಆ ಸಂಹಿತೆಯ ನಾಲ್ಕನೇ ಭಾಗ ಇಡೀ ಬೆಂಕಿ ಸುರಕ್ಷತೆಗೇ ಮೀಸಲು. ನಮ್ಮ ಫೈರ್ ಕನ್ಸಲ್ಟೆಂಟ್ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸೈಟಿಗೆ ಬರುತ್ತಿದ್ದರು.

ಗಾಜಿನ ಗೋಡೆ ಬೇಕು ಅಂದದ್ದು ಮಕ್ಕಳ ಡಾಕ್ಟರು. ನವಜಾತ ಶಿಶುಗಳ ಐಸಿಯು, ನಾವೆಲ್ಲ ಎನ್‌ಐಸಿಯು ಅನ್ನುತ್ತೇವಲ್ಲ, ಅದು ಎರಡನೇ ಮಹಡಿಯಲ್ಲಿ. ಕಾರಿಡಾರಿನಿಂದಲೇ ನರ್ಸ್‌ಗಳಿಗೆ ಎಲ್ಲ ಇನ್‌ಕ್ಯುಬೇಟರ್ ಕಾಣಬೇಕು. ತಾಯಂದಿರು ಒಳಗೆ ಹೋಗದೆ ಮಗುವನ್ನು ನೋಡುವ ಹಾಗಿರಬೇಕು. ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ಕಾರಿಡಾರೇ ಇಡೀ ಮಹಡಿಗೆ ಮೆಟ್ಟಿಲ ಕಡೆಗಿನ ದಾರಿ. ಸಿಸೇರಿಯನ್ ಆದ ಹೆಂಗಸರನ್ನು ಸ್ಟ್ರೆಚರ್‌ನಲ್ಲಿ ಇಳಿಸಬೇಕಾದರೂ ಆ ಗಾಜಿನ ಪಕ್ಕದಿಂದಲೇ ಹೋಗಬೇಕು.

2021ರ ಜನವರಿ 9ರ ಬೆಳಗಿನ ಜಾವ ಮಹಾರಾಷ್ಟ್ರದ ಭಂಡಾರ ಜಿಲ್ಲಾ ಆಸ್ಪತ್ರೆಯ ಶಿಶುಗಳ ಘಟಕದಲ್ಲಿ ಬೆಂಕಿ ಬಿದ್ದು 10 ಕೂಸುಗಳು ಹೋದವು. 2024ರ ನವೆಂಬರ್‌ನಲ್ಲಿ ಝಾನ್ಸಿಯಲ್ಲೂ ಹಾಗೇ ಆಯಿತು. ಆ ರಾತ್ರಿಯೇ 10 ಮಕ್ಕಳು. ಅಲ್ಲಿ ಗಾಜಿನಿಂದಾಗಿ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆಮ್ಲಜನಕ, ವಾರ್ಮರ್, ಎಸಿ, ರಾಶಿ ವಯರು, ಎಲ್ಲ ಒಂದೇ ಕೋಣೆಯಲ್ಲಿರುವ ಜಾಗ ಇದು. ತಾವಾಗಿ ಎದ್ದು ಓಡಲು ಆಗದವರೇ ಅಲ್ಲಿರುವುದು. ಆ ಗೋಡೆಯ ಕಾಗದಕ್ಕೆ ಸುಮ್ನೆ ಸಹಿ ಹಾಕಲು ನನಗೆ ಮನಸ್ಸು ಬರಲಿಲ್ಲ.

ನಮ್ಮ ಊರಲ್ಲಿ ಗಲ್ಫ್‌ನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ನಮ್ಮ ಸಂಬಂಧಿಕರೊಬ್ಬರು ದುಬೈಯಲ್ಲಿ ಕಟ್ಟಡಗಳ ಗಾಜಿನ ಕೆಲಸದಲ್ಲೇ ಇದ್ದಾರೆ. ಅವರಿಗೆ ಎರಡೂ ಕೊಟೇಶನ್ ವಾಟ್ಸಾಪ್ ಮಾಡಿದೆ. ರಾತ್ರಿ ಫೋನ್ ಬಂತು. "ನಿಮಿಷ ಆಮೇಲೆ ನೋಡುವ. ನಿಮಿಷದ ಹಿಂದೆ ಯಾವ ಅಕ್ಷರ ಇದೆ ಹೇಳಿ" ಅಂದರು. ಮೊದಲನೆಯದರ ಜೊತೆ ಬಂದ ರಿಪೋರ್ಟಿನಲ್ಲಿ 'ಇ 120' ಅಂತ ಇತ್ತು. ಎರಡನೆಯದರಲ್ಲಿ 'ಇಐ 60'. ರೇಟಿನ ವ್ಯತ್ಯಾಸ ಇದ್ದದ್ದು ಆ ಒಂದು ಅಕ್ಷರದಲ್ಲಿ.

ಅವರು ಹೇಳಿದ್ದನ್ನು ಆಮೇಲೆ ನಾನೂ ಓದಿ ಗಟ್ಟಿ ಮಾಡಿಕೊಂಡೆ. 'ಇ' ಅಂದರೆ ಜ್ವಾಲೆ ಮತ್ತು ಬಿಸಿ ಅನಿಲ ಗಾಜು ದಾಟಿ ಈಚೆ ಬರುವುದಿಲ್ಲ. ಅಷ್ಟೇ. ಶಾಖ ಬರುತ್ತದೆ. ಬೆಂಕಿಯನ್ನು ಒಳಗೇ ಹಿಡಿದಿಟ್ಟ ಗಾಜು ತಾನೇ ಕೆಂಡದಂತೆ ಕಾದು ಈಚೆಯವರನ್ನು ಸುಡಬಹುದು. 'ಇಡಬ್ಲ್ಯೂ' ಅಂದರೆ ಆ ಶಾಖಕ್ಕೂ ಒಂದು ಮಿತಿ ಇದೆ. ಗಾಜಿನಿಂದ 1 ಮೀಟರ್ ದೂರದಲ್ಲಿ ಚದರ ಮೀಟರಿಗೆ 15 ಕಿಲೋವ್ಯಾಟ್ ಮೀರಬಾರದು. ಮಿತಿ ಅಂದ ಕೂಡಲೇ ಸಮಾಧಾನ ಪಡಬೇಡಿ. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಪಣಂಬೂರು ಬೀಚಿನಲ್ಲಿ ನಿಂತರೆ ಮೈಮೇಲೆ ಬೀಳುವುದು ಹೆಚ್ಚುಕಡಿಮೆ 1 ಕಿಲೋವ್ಯಾಟ್. ಅದರ ಹದಿನೈದು ಪಟ್ಟು ಶಾಖದಲ್ಲಿ ಸ್ಟ್ರೆಚರ್ ತಳ್ಳಿಕೊಂಡು ಯಾರು ಹೋಗುತ್ತಾರೆ?

'ಇಐ' ಅಂದರೆ ಜ್ವಾಲೆಯೂ ದಾಟುವುದಿಲ್ಲ, ಶಾಖವೂ ಹೆಚ್ಚು ದಾಟುವುದಿಲ್ಲ. ಬೆಂಕಿ ಇಲ್ಲದ ಕಡೆಯ ಗಾಜಿನ ಮೈ ಮೊದಲಿದ್ದ ಉಷ್ಣತೆಗಿಂತ ಸರಾಸರಿ 140 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಏರಬಾರದು. ಯಾವುದೇ ಒಂದು ಬಿಂದುವಿನಲ್ಲಿ 180 ಡಿಗ್ರಿ ಮೀರಿ ಏರಬಾರದು. 140 ಅಂದರೆ ಕಡಿಮೆಯೇನಲ್ಲ, ಮುಟ್ಟಿದರೆ ಕೈ ಸುಡುತ್ತದೆ. ಆದರೆ ಅದು 60 ನಿಮಿಷದ ಕೊನೆಗೆ ಬರಬಹುದಾದ ಅಂಕಿ. ಮೊದಲ ಹೊತ್ತಿನಲ್ಲಿ ಗಾಜು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅದರ ಪಕ್ಕದಲ್ಲೇ ನಡೆದು ಹೋಗಬಹುದು. ಇನ್ನೊಂದು ಕಡೆ ಇಟ್ಟ ಪರದೆ, ಹಾಸಿಗೆ ಹೊತ್ತಿಕೊಳ್ಳುವುದಿಲ್ಲ.

ಅಲ್ಲಿಂದ ಮುಂದೆ ನಾನು ಪ್ರತಿ ಗಾಜಿಗೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ಇದರ ಆಚೆ ಯಾರು ಇರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ? ನಿಮಿಷ, ದಪ್ಪ, ರೇಟು ಎಲ್ಲ ಆಮೇಲೆ.

ಯೆಯ್ಯಾಡಿಯ ಒಂದು ಗಾಜಿನ ವರ್ಕ್‌ಶಾಪಿನಲ್ಲಿ ಸ್ಯಾಂಪಲ್ ನೋಡಲು ಹೋದೆವು. ಅಲ್ಲಿಯ ಹಿರಿಯ ಫಿಟ್ಟರ್ ಬೆಂಚಿನ ಮೇಲೆ ತುಂಡುಗಳನ್ನು ಸಾಲಾಗಿ ಇಟ್ಟರು. ಮೊದಲು ವಯರ್ಡ್ ಗ್ಲಾಸ್, ಒಳಗೆ ತಂತಿ ಬಲೆ ಇರುವುದು. ಹಳೆಯ ಆಫೀಸು, ಲಿಫ್ಟ್ ಬಾಗಿಲುಗಳಲ್ಲಿ ನೀವೂ ನೋಡಿರುತ್ತೀರಿ. ಬೆಂಕಿಗೆ ಒಡೆದರೂ ತಂತಿ ಚೂರುಗಳನ್ನು ಹಿಡಿದಿಡುತ್ತದೆ. ಶಾಖ ಮಾತ್ರ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಂತಿ ಇದ್ದರೆ ಗಾಜು ಗಟ್ಟಿ ಅಂತ ಎಲ್ಲರೂ ನಂಬಿದ್ದಾರೆ. ನಿಜವಾಗಿ ಮಾಮೂಲಿ ವಯರ್ಡ್ ಗ್ಲಾಸ್ ಸುಲಭವಾಗಿ ಒಡೆಯುತ್ತದೆ, ಒಡೆದ ಜಾಗದಲ್ಲಿ ಚೂಪು ತಂತಿ ಹೊರಗೆ ಬರುತ್ತದೆ. ಟ್ರಾಲಿ, ವೀಲ್‌ಚೇರ್ ಓಡಾಡುವ ಕಾರಿಡಾರಿಗೆ ಅದು ಬೇಡವೇ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆವು.

ಆಮೇಲೆ ಟಫನ್ಡ್ ಗ್ಲಾಸ್, ಅಂದರೆ ಕಾಸಿ ಬೇಗ ತಣಿಸಿ ಗಟ್ಟಿ ಮಾಡಿದ ಗಾಜು. ಇದು ಬಿದ್ದರೆ ಸಕ್ಕರೆ ಅಚ್ಚಿನ ಚೂರಿನ ಹಾಗೆ ಉದುರುತ್ತದೆ, ಮೈ ಕೊಯ್ಯುವುದು ಕಡಿಮೆ. ಆದರೆ ಮಾಮೂಲಿ ಟಫನ್ಡ್ ಬೆಂಕಿಯ ಗಾಜು ಅಲ್ಲ. ಪೂರ್ತಿ ಬೆಂಕಿಯಲ್ಲಿ ಕೆಲವೇ ನಿಮಿಷ. ಇದನ್ನೇ ವಿಶೇಷವಾಗಿ ಹದ ಮಾಡಿದರೆ 'ಇ' ದರ್ಜೆ ಸಿಗುತ್ತದೆ. ನಮ್ಮ ಮೊದಲ ಕೊಟೇಶನ್ನಿನಲ್ಲಿದ್ದದ್ದು ಇಂಥದ್ದೇ. ಬೋರೋಸಿಲಿಕೇಟ್ ಮತ್ತು ಸೆರಾಮಿಕ್ ಗಾಜು ಬೇರೆ ಜಾತಿ. ಕಾದರೂ ಅವು ಹಿಗ್ಗುವುದು ತೀರ ಕಡಿಮೆ. ಸೆರಾಮಿಕ್ ಅಂತೂ ಕಾದು ಕೆಂಪಾಗಿದ್ದಾಗ ಸ್ಪ್ರಿಂಕ್ಲರ್ ನೀರು ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಒಂದೇ ಹಾಳೆಯಾಗಿ ಹಾಕಿದರೆ ಅವುಗಳಿಗೂ ಶಾಖ ತಡೆಯುವ ಗುಣ ಇಲ್ಲ.

ಕೊನೆಯ ತುಂಡು ದಪ್ಪವಾಗಿತ್ತು, ಅಂಚಿಗೆ ಬೆಳ್ಳಿ ಬಣ್ಣದ ಟೇಪ್ ಸುತ್ತಿತ್ತು. ನೇರ ನೋಡಿದರೆ ಸಾದಾ ಗಾಜು. ಓರೆ ಹಿಡಿದರೆ ಒಳಗೆ ಪದರಗಳು ಕಾಣುತ್ತವೆ. ತೆಳು ಗಾಜಿನ ಹಾಳೆಗಳ ನಡುವೆ ನೀರಿನ ಅಂಶ ಇರುವ ಸೋಡಿಯಂ ಸಿಲಿಕೇಟ್ ಪದರ. ಫಿಟ್ಟರ್ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹಿಂದಿನಿಂದ ಗ್ಯಾಸ್ ಟಾರ್ಚ್ ಹಿಡಿದರು. ಮೊದಲು ಬೆಂಕಿಯ ಕಡೆಯ ಹಾಳೆ ಚಟ್ ಅಂತ ಬಿರಿಯಿತು. ಜ್ವಾಲೆ ತಾಗುವ ಜಾಗದಲ್ಲಿ ಸಣ್ಣ ಬಿಳಿ ಚುಕ್ಕೆ ಎದ್ದಿತು. ಚುಕ್ಕೆ ನೋಡನೋಡುತ್ತಾ ಅಗಲವಾಗಿ ಉಬ್ಬಿತು, ನೊರೆ ಕಟ್ಟಿತು, ಆಚೆ ಏನೂ ಕಾಣದ ಹಾಗಾಯಿತು. ನಾವು ಈಚೆಯಿಂದ ಅಂಗೈ ಇಟ್ಟೆವು. ಬೆಚ್ಚಗಿತ್ತು, ಅಷ್ಟೇ. ಅದೇ ಟಾರ್ಚನ್ನು 'ಇ' ದರ್ಜೆಯ ತುಂಡಿಗೆ ಹಿಡಿದರು. ಗಾಜು ಬಿರಿಯಲಿಲ್ಲ, ಜ್ವಾಲೆ ದಾಟಲಿಲ್ಲ. ಆದರೆ ಅಂಗೈಯನ್ನು ಹತ್ತಿರ ಒಯ್ಯಲೂ ಆಗಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಹೆಡ್ ನರ್ಸ್ ಕೈ ಹಿಂದೆಳೆದುಕೊಂಡು, "ಇದರ ಪಕ್ಕ ಮಗು ಹಿಡ್ಕೊಂಡು ಹೋಗ್ಲಿಕ್ಕೆ ಉಂಟಾ?" ಅಂದರು. ಎನ್‌ಐಸಿಯು ಗೋಡೆಯ ತೀರ್ಮಾನ ಆ ಬೆಂಚಿನ ಪಕ್ಕವೇ ಆಯಿತು.

ಟಾರ್ಚ್ ತೋರಿಸುವುದು ಪರೀಕ್ಷೆ ಅಲ್ಲ, ಇದನ್ನು ಒತ್ತಿ ಹೇಳಬೇಕು. ನಿಜವಾದ ಪರೀಕ್ಷೆ ನಡೆಯುವುದು ಲ್ಯಾಬಿನ ಕುಲುಮೆಯಲ್ಲಿ, ಚೌಕಟ್ಟು ಸಮೇತ. ನಮ್ಮ ದೇಶದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ, ಅಂದರೆ ಸಿಬಿಆರ್‌ಐಯಲ್ಲಿ ಅಂಥ ಸೌಲಭ್ಯ ಇದೆ. ಕುಲುಮೆಯ ಶಾಖ ಒಂದು ಗೊತ್ತಾದ ಲೆಕ್ಕದಲ್ಲಿ ಏರುತ್ತದೆ. 5 ನಿಮಿಷಕ್ಕೆ ಸುಮಾರು 576 ಡಿಗ್ರಿ, 30 ನಿಮಿಷಕ್ಕೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1049.

ಈ ಅಂಕಿಗಳನ್ನು ನೋಡಿದ ಮೇಲೆ ನಮ್ಮ ಆರ್ಕಿಟೆಕ್ಟ್ ಡ್ರಾಯಿಂಗ್ ತೆಗೆದು ಚೌಕಟ್ಟಿನ ಮೇಲೆ ಬೆರಳಿಟ್ಟರು. ಇಂಟೀರಿಯರ್‌ನವರು ಅಲ್ಲಿ ಮಾಮೂಲಿ ಅಲ್ಯೂಮಿನಿಯಂ ಸೆಕ್ಷನ್ ಬರೆದಿದ್ದರು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಕುಲುಮೆ 10 ನಿಮಿಷದೊಳಗೆ ಅದನ್ನು ದಾಟುತ್ತದೆ. 60 ನಿಮಿಷದ ಗಾಜನ್ನು 10 ನಿಮಿಷದ ಚೌಕಟ್ಟಿನಲ್ಲಿ ಕೂರಿಸಿ ಏನು ಪ್ರಯೋಜನ ಹೇಳಿ? ಒಳಗೆ ಶಾಖ ತಡೆಯುವ ತುಂಬು ಇರುವ, ಪರೀಕ್ಷೆ ಪಾಸಾದ ವಿಶೇಷ ಅಲ್ಯೂಮಿನಿಯಂ ಚೌಕಟ್ಟುಗಳೂ ಸಿಗುತ್ತವೆ. ನಮಗೆ ಎರಡನೇ ಕೊಟೇಶನ್ ಕೊಟ್ಟ ಕಂಪನಿಯ ಪರೀಕ್ಷೆ ಆಗಿದ್ದದ್ದು ಉಕ್ಕಿನ ಚೌಕಟ್ಟಿನಲ್ಲಿ. ಹಾಗಾಗಿ ಉಕ್ಕೇ ಬೇಕಾಯಿತು. ಗಾಜಿನ ಸುತ್ತ ಹಾಕುವ ಸೆರಾಮಿಕ್ ಪಟ್ಟಿ, ಉಬ್ಬಿಕೊಳ್ಳುವ ಸೀಲು, ಗಾಜಿನ ಅಡಿಯ ಬ್ಲಾಕು, ಬೀಡಿಂಗಿನ ಸ್ಕ್ರೂ, ಎಲ್ಲ ರಿಪೋರ್ಟಿನಲ್ಲಿದ್ದ ಹಾಗೇ ಇರಬೇಕು. ಪಾಸಾಗುವುದು ಇಡೀ ಜೋಡಣೆ, ಬರೀ ಗಾಜಲ್ಲ.

ಮೊದಲ ಕೊಟೇಶನ್ನಿನವರ ರಿಪೋರ್ಟನ್ನು ಆಗ ಸರಿಯಾಗಿ ಓದಿದೆವು. ಅದು ಇಎನ್ 1634-1 ಅನ್ನುವ ಯುರೋಪಿನ ಮಾನದಂಡದ ಪ್ರಕಾರ ಮಾಡಿದ ಪರೀಕ್ಷೆ, ಅಂದರೆ ಬಾಗಿಲಿನದ್ದು. ಬಾಗಿಲ ನಡುವಿನ ಪುಟ್ಟ ಕಿಂಡಿಯ ಗಾಜು. ಗೋಡೆಗೆ ಬೇಕಾದದ್ದು ಇಎನ್ 1364-1. ಅಂಕಿ ತಿರುಗುಮುರುಗು ಆದ ಹಾಗೆ ಕಾಣುತ್ತದೆ, ಬೇಗ ಕಣ್ಣಿಗೆ ಬೀಳುವುದಿಲ್ಲ. ಕಿಂಡಿಯ ಅಳತೆಯಲ್ಲಿ ಪಾಸಾದ ಗಾಜು ಆಳೆತ್ತರದ ಗೋಡೆಯಲ್ಲಿ ಹಾಗೇ ನಿಲ್ಲುತ್ತದೆ ಅಂತ ಯಾವ ಕಾಗದವೂ ಹೇಳುವುದಿಲ್ಲ. ಅವರನ್ನು ಕೇಳಿದೆವು. "ಎಲ್ಲರೂ ಇದನ್ನೇ ಕೊಡ್ತಾರೆ ಸರ್" ಅಂತ ಉತ್ತರ ಬಂತು. ನನಗೆ ಇದರಲ್ಲಿ ನಿಜವಾಗಿಯೂ ಬೇಜಾರಾಯಿತು. ಕೊಳ್ಳುವವರು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ನಡೆಯುವ ವ್ಯಾಪಾರ ಇದು. ನೀವು ಕೇಳುವಾಗ ರಿಪೋರ್ಟಿನ ಮೊದಲ ಪುಟ ಸಾಲದು, ಪೂರ್ತಿ ಕೇಳಿ. ಗೋಡೆಯದ್ದೋ ಬಾಗಿಲದ್ದೋ, ಗಾಜಿನ ಅಳತೆ ಎಷ್ಟು, ಚೌಕಟ್ಟು ಯಾವುದು, ಬೆಂಕಿ ಯಾವ ಕಡೆಯಿಂದ ಕೊಟ್ಟಿದ್ದರು, ಇಷ್ಟನ್ನಾದರೂ ನೋಡಿ.

ಕೊನೆಯದು ನಮಗೆ ತುಂಬಾ ಮುಖ್ಯವಾಗಿತ್ತು. ಬೆಂಕಿ ಎನ್‌ಐಸಿಯು ಒಳಗೂ ಹುಟ್ಟಬಹುದು, ಕಾರಿಡಾರಿನಲ್ಲೂ ಹುಟ್ಟಬಹುದು. ಎರಡೂ ಕಡೆಯಿಂದ ತಡೆಯುವ ಗಾಜೇ ಬೇಕು ಅಂತ ಬರೆದು ಕೊಟ್ಟೆವು.

ಮೆಟ್ಟಿಲಿನ ವಿಷಯ ಬೇಗ ಮುಗಿಯಿತು. ಕನ್ಸಲ್ಟೆಂಟ್ ಅಲ್ಲಿಗೆ 120 ನಿಮಿಷ ಅಂತ ಬರೆದಿದ್ದರು. ಮೆಟ್ಟಿಲ ಲಾಬಿಗೆ ಇಡೀ ಗಾಜಿನ ಪಾರ್ಟಿಶನ್ ಹಾಕಿದರೆ ಬೆಳಕು ಬರುತ್ತದೆ, ಚಂದ ಕಾಣುತ್ತದೆ ಅಂತ ಆರ್ಕಿಟೆಕ್ಟ್‌ಗೆ ಆಸೆ ಇತ್ತು. ಇಐ 120 ಗಾಜು ಅಂದರೆ ವಿಪರೀತ ದಪ್ಪ, ವಿಪರೀತ ಭಾರ, ರೇಟು ಕೇಳುವುದೇ ಬೇಡ. ಅಲ್ಲಿ ಯಾರಿಗೂ ಯಾರನ್ನೂ ನೋಡುವ ಅಗತ್ಯವೂ ಇಲ್ಲ. ಬ್ಲಾಕ್ ಗೋಡೆ ಕಟ್ಟಿಸಿ, ಉಕ್ಕಿನ ಫೈರ್ ಡೋರ್ ಇಟ್ಟು, ಅದರಲ್ಲಿ ಆ ಬಾಗಿಲಿನ ಜೊತೆಗೇ ಪರೀಕ್ಷೆಯಾದ ಸಣ್ಣ ಕಿಂಡಿ ಮಾತ್ರ ಉಳಿಸಿಕೊಂಡೆವು. ಆ ಕಡೆಯಿಂದ ಸ್ಟ್ರೆಚರ್ ಬರುತ್ತಿದೆಯಾ ಅಂತ ನೋಡಲು ಅಷ್ಟು ಸಾಕು. ಗಾಜು ಕಡಿಮೆ ಮಾಡಿ ಉಳಿದ ದುಡ್ಡು ಎನ್‌ಐಸಿಯು ಗೋಡೆಗೆ ಹೋಯಿತು. ಆ ಅದಲುಬದಲು ನನಗೆ ತುಂಬಾ ತೃಪ್ತಿ ಕೊಟ್ಟ ತೀರ್ಮಾನ.

ಪಶ್ಚಿಮದ ಕಿಟಕಿ ಬೇರೆಯೇ ತಲೆನೋವು. ನಮ್ಮ ಹೊರಗೋಡೆಯ ಒಂದು ಭಾಗ ಪಕ್ಕದ ಕಟ್ಟಡದ ಅಡುಗೆಮನೆಗೆ ತೀರ ಹತ್ತಿರ. ಅಲ್ಲಿಯ ಕಿಟಕಿಗೂ ಬೆಂಕಿ ತಡೆಯುವ ಗಾಜು ಅಂತ ಕನ್ಸಲ್ಟೆಂಟ್ ಹೇಳಿದರು. ಈ ಪದರದ ಗಾಜಿಗೆ ಎರಡು ಶತ್ರುಗಳು. ಒಂದು ಬಿಸಿಲಿನ ನೇರಳಾತೀತ ಕಿರಣ, ಇನ್ನೊಂದು ಬಿಸಿಲಿನ ಕಾವು. ಒಳಾಂಗಣಕ್ಕೆ ಮಾಡಿದ್ದನ್ನು ಹೊರಗೆ ಹಾಕಿದರೆ ಕಾಲ ಹೋದ ಹಾಗೆ ಒಳಗಿನ ಪದರ ಮಬ್ಬಾಗುತ್ತದೆ, ಗುಳ್ಳೆ ಏಳುತ್ತದೆ. ಹಲವು ತಯಾರಕರು ಗಾಜು 45ರಿಂದ 50 ಡಿಗ್ರಿಯ ಮೇಲೆ ಕಾಯಬಾರದು ಅಂತ ಬರೆಯುತ್ತಾರೆ. ಮಂಗಳೂರಿನಲ್ಲಿ ಗಾಳಿಯ ಉಷ್ಣತೆ ಅಷ್ಟಕ್ಕೆ ಹೋಗುವುದಿಲ್ಲ, ಆದರೆ ಮಾರ್ಚ್ ತಿಂಗಳ ಸಂಜೆ ಬಿಸಿಲಿಗೆ ಮುಖ ಮಾಡಿದ ಗಾಜು ಹೋಗಬಹುದು. ಅದಕ್ಕೆ ಹೊರಾಂಗಣದ ಮಾದರಿಯನ್ನೇ ತರಿಸಿದೆವು. ಅದರಲ್ಲಿ ಹೊರಮೈಯ ಕಡೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಕಿರಣವನ್ನು ತಡೆಯುತ್ತದೆ. ಮೇಲೆ ಒಂದು ಸಜ್ಜಾ ಕೂಡ ಇಳಿಸಿದೆವು. ಕೂರಿಸುವಾಗ ಯಾವ ಮೈ ಹೊರಗೆ ಅಂತ ಸ್ಟಿಕ್ಕರ್ ನೋಡಿಯೇ ಕೂರಿಸಬೇಕು, ತಿರುಗಿಸಿ ಹಾಕಿದರೆ ದುಡ್ಡು ನೀರಿಗೆ.

ಈ ಗಾಜನ್ನು ಸೈಟಿನಲ್ಲಿ ಕೊಯ್ಯಲು, ಉಜ್ಜಲು, ತೂತು ಹಾಕಲು ಆಗುವುದಿಲ್ಲ. ಹಾಗಾಗಿ ಮೊದಲು ಚೌಕಟ್ಟು ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಅಳೆದು, ಆಮೇಲೆ ಆರ್ಡರ್ ಕೊಟ್ಟೆವು. ಗೋಡೆಯ ಗಾಜು ಸುಮಾರು 25 ಮಿಲಿಮೀಟರ್ ದಪ್ಪ, ಚದರ ಮೀಟರಿಗೆ 60 ಕಿಲೋ ಹತ್ತಿರ ತೂಕ. ಚೌಕಟ್ಟಿನ ಉಕ್ಕಿಗೆ ಗ್ಯಾಲ್ವನೈಸ್ ಮಾಡಿಸಿ ಅದರ ಮೇಲೆ ಪೌಡರ್ ಕೋಟಿಂಗ್ ಕೊಡಿಸಿದೆವು. ನಮ್ಮ ಉಪ್ಪು ಗಾಳಿಗೆ ಬರೀ ಪೇಂಟ್ ಎರಡು ಮಳೆಗಾಲವೂ ಬಾಳುವುದಿಲ್ಲ ಅಂತ ಇಲ್ಲಿ ಗೇಟು ಹಾಕಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಲೋಡು ಘಟ್ಟ ಇಳಿದು ಬರಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿ ಎಲ್ಲಿ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ನಿಂತರೂ ಪರವಾಗಿಲ್ಲ, ನೆನೆಯಬಾರದು. ಪದರದ ಗಾಜಿನ ಜೀವ ಅದರ ಅಂಚಿನ ಟೇಪಿನಲ್ಲಿದೆ. ಟೇಪ್ ಹರಿದು ಒಳಗೆ ತೇವ ಹೋದರೆ ಅಂಚಿನಿಂದ ಹಾಲಿನ ಹಾಗೆ ಬಿಳಿ ಹರಡುತ್ತಾ ಬರುತ್ತದೆ. ಅದಕ್ಕೆ ಮಳೆ ಬಿಟ್ಟ ಮೇಲೆಯೇ ಕಳಿಸಿ ಅಂತ ಹೇಳಿ ಕಾದೆವು. ಕೆಲಸ ತಡವಾಯಿತು, ಅದಕ್ಕೆ ಬೈಗುಳವನ್ನೂ ತಿಂದೆವು. ಇಳಿಸುವಾಗ ಕನ್ಸಲ್ಟೆಂಟ್ ಒಂದೊಂದು ಗಾಜಿನ ನಾಲ್ಕೂ ಅಂಚಿಗೆ ಬೆರಳು ಸವರಿ ನೋಡಿದರು. ಒಂದರ ಕೆಳಮೂಲೆಯಲ್ಲಿ ಉಗುರಿನಷ್ಟು ಟೇಪ್ ಎದ್ದಿತ್ತು. ನಮಗಾರಿಗೂ ಕಂಡಿರಲಿಲ್ಲ. ಅದನ್ನು ವಾಪಸ್ ಕಳಿಸಿದರು. ಉಳಿದವನ್ನು ಮಲಗಿಸದೆ, ಮರದ ಸ್ಟ್ಯಾಂಡಿಗೆ ಒರಗಿಸಿ, ಒಣ ಕೋಣೆಯಲ್ಲಿ ನಿಲ್ಲಿಸಿದೆವು.

ಗಾಜು ಕೂತ ಮೇಲೆ ಹೊಸ ಬೇಡಿಕೆ ಬಂತು. ಹಾಲೂಡಿಸುವ ತಾಯಂದಿರಿಗೆ ಮರೆ ಬೇಕು, ಕೆಳಗಿನ ಅರ್ಧಕ್ಕೆ ಫ್ರಾಸ್ಟೆಡ್ ಫಿಲ್ಮ್ ಅಂಟಿಸುವ ಅಂತ. ಬೇಡಿಕೆ ನ್ಯಾಯವೇ. ಆದರೆ ಪರೀಕ್ಷೆ ಆದದ್ದು ಫಿಲ್ಮ್ ಇಲ್ಲದ ಗಾಜು, ಅಂಟಿಸಿದರೆ ಜವಾಬ್ದಾರಿ ತಮ್ಮದಲ್ಲ ಅಂತ ತಯಾರಕರು ಸ್ಪಷ್ಟವಾಗಿ ಹೇಳಿದರು. ಫೀಡಿಂಗ್ ಜಾಗವನ್ನೇ ಗಾಜಿನಿಂದ ದೂರದ ಮೂಲೆಗೆ ಸರಿಸಿ, ಬೇಗ ಹೊತ್ತಿಕೊಳ್ಳದ ಬಟ್ಟೆಯ ಪರದೆ ಹಾಕಿದೆವು. ತಾಯಂದಿರಿಗೂ ಅದೇ ಇಷ್ಟವಾಯಿತು.

ಮುಂಭಾಗದ ದೊಡ್ಡ ಗಾಜಿಗೆ ಬೆಂಕಿ ತಡೆಯುವ ಗಾಜು ಬೇಕಾಗಲಿಲ್ಲ. ಬೇಕಾದದ್ದು ಬೇರೆ. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಸುಮಾರು 90 ಜನ ಸತ್ತರು, ಹೆಚ್ಚಿನವರು ಹೊಗೆಗೆ. ಸುತ್ತ ಮುಚ್ಚಿದ ಗಾಜು, ಹೊಗೆ ಹೊರಗೆ ಹೋಗಲು ದಾರಿ ಇರಲಿಲ್ಲ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದಾಗಲೂ ಮುಖ್ಯ ವೈರಿ ಹೊಗೆಯೇ. ಈಗಿನ ಸಂಹಿತೆಯ ಪ್ರಕಾರ ಗಾಜಿನ ಮುಂಭಾಗದಲ್ಲಿ ಪ್ರತಿ ಮಹಡಿಗೆ ತೆರೆಯುವ ಪ್ಯಾನೆಲ್ ಇರಬೇಕು, ಒಂದಕ್ಕೊಂದು 10 ಮೀಟರಿಗಿಂತ ದೂರ ಇರಬಾರದು, ಬೆಂಕಿ ಬಿದ್ದಾಗ ತೆರೆಯಿರಿ ಅಂತ ಅದರ ಮೇಲೆ ಬರೆದಿರಬೇಕು. ಸ್ಲ್ಯಾಬ್ ಮತ್ತು ಗಾಜಿನ ನಡುವಿನ ಸಂದಿಯನ್ನು ಸ್ಲ್ಯಾಬಿನಷ್ಟೇ ಹೊತ್ತು ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಬೇಕು. ಆ ಸಂದಿ ಹೊರಗಿನಿಂದ ಕಾಣುವುದೇ ಇಲ್ಲ. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಟಾರ್ಚ್ ಹಿಡಿದು ಪ್ರತಿ ಮಹಡಿಯಲ್ಲೂ ನೋಡಿ ಫೋಟೋ ತೆಗೆದಿಟ್ಟೆವು. ಅಗ್ನಿಶಾಮಕ ಇಲಾಖೆಯವರು ಪರಿಶೀಲನೆಗೆ ಬಂದಾಗ ಅವೇ ಫೋಟೋ ಕೇಳಿದರು.

ಈಗ ಪ್ರತಿ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇದೆ. ತಯಾರಕರ ಹೆಸರು, ಗಾಜಿನ ಮಾದರಿ, ದರ್ಜೆ. ಬೀಡಿಂಗಿನ ಅಡಿಯಲ್ಲಿ ಅದು ಮರೆಯಾಗದ ಹಾಗೆ ನೋಡಿಕೊಂಡೆವು. ಪೂರ್ತಿ ಟೆಸ್ಟ್ ರಿಪೋರ್ಟ್, ಚೌಕಟ್ಟಿನ ಡ್ರಾಯಿಂಗ್, ಸೀಲಿನ ಹೆಸರು, ಗಾಜಿನ ಅಳತೆ ಎಲ್ಲ ಒಂದು ಫೈಲಿನಲ್ಲಿ ಮೇಂಟೆನೆನ್ಸ್ ರೂಮಿನಲ್ಲಿದೆ. ನಾಳೆ ಟ್ರಾಲಿ ಬಡಿದು ಒಂದು ಗಾಜು ಬಿರಿದರೆ, ಆಗ ಡ್ಯೂಟಿಯಲ್ಲಿ ಯಾರೇ ಇರಲಿ, ಹತ್ತಿರದ ಅಂಗಡಿಯಿಂದ ಅದೇ ಅಳತೆಯ ಗಾಜು ತಂದು ಕೂರಿಸಬಾರದು. ಫೈಲಿನ ಮೊದಲ ಪುಟದಲ್ಲಿ ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಎನ್‌ಐಸಿಯು ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದಾ ಅಂತ ರಾತ್ರಿ ಪಾಳಿಯ ಸೆಕ್ಯೂರಿಟಿ ನೋಡುತ್ತಾರೆ. ಅದಕ್ಕೆ ಸ್ಟೂಲು ಅಡ್ಡ ಇಡುವ ಅಭ್ಯಾಸ ಬಿಡಿಸಲು ಇನ್ನೂ ಹೇಳುತ್ತಲೇ ಇದ್ದೇವೆ.